ಆರು ತಂತಿಗೆ ಅರವತ್ತು ಸಾಮಾನು

ನಿಮಗೆ ಈ ಗಿಟಾರ್ ಹುಚ್ಚು ಎಲ್ಲಿ ಹತ್ತಿಕೊಂಡಿತು ಅಂತ ನಾನು ಹೇಳ್ಲಾ? ಒಂದೋ ಚಿಕ್ಕಪ್ಪನ ಮಗಳ ಆರತಕ್ಷತೆಯ ಆರ್ಕೆಸ್ಟ್ರಾದಲ್ಲಿ, ಇಲ್ಲಾಂದ್ರೆ ರಾತ್ರಿ ಹನ್ನೊಂದರ ಮೇಲೆ ರೀಲ್ಸ್ ತಳ್ಳುತ್ತಾ ಮಲಗಿದ್ದಾಗ. ಅದೂ ಅಲ್ಲ ಅಂದ್ರೆ ಟಿವಿಯಲ್ಲಿ 1981ರ ‘ಗೀತಾ’ ಬರ್ತಿತ್ತು, ಶಂಕರ್‌ನಾಗ್ ಗಿಟಾರ್ ಹಿಡಿದು ನಿಂತಿದ್ದ. (ಆ ಒಂದು ನಿಲುವಿಗೆ ಎಂಥೆಂಥವರೋ ಕೆಟ್ಟಿದ್ದಾರೆ. ನೀವ್ಯಾವ ಲೆಕ್ಕ!)

ಮಾರನೇ ದಿನ ಏನು ಮಾಡಿದ್ರಿ? ಕಲಿಸೋರು ಯಾರಾದ್ರೂ ಇದ್ದಾರಾ ಅಂತ ವಿಚಾರಿಸಿದ್ರಾ? ಎಲ್ಲಿ! ಮಧುಗಿರಿ ಬಸ್ ಸ್ಟ್ಯಾಂಡಲ್ಲಿ ಕೊರಟಗೆರೆ ಬಸ್ಸಿಗೆ ಕಾಯ್ತಾ ಮೊಬೈಲ್ ತೆಗೆದು ‘ಕಾಂಬೋ ಆಫರ್’ ಹುಡುಕಿದ್ರಿ. ಗಿಟಾರ್ ಒಂದು ತಗೊಂಡ್ರೆ ಬ್ಯಾಗು, ಬೆಲ್ಟು, ಮೂರು ಪಿಕ್ಕು, ಒಂದು ಸೆಟ್ ತಂತಿ, ಮೇಲೊಂದು ಕೇಪೋ ಫ್ರೀ ಅಂತ ಕಂಡಿದ್ದೇ ತಡ, ನಿಮ್ಮೊಳಗಿದ್ದ ಸಂತೆ ಗಿರಾಕಿ ಎದ್ದು ಕೂತ.

ಅಷ್ಟಕ್ಕೇ ಬಿಟ್ರಾ? ‘ಇದನ್ನು ಕೊಂಡವರು ಇದನ್ನೂ ಕೊಂಡರು’ ಅಂತ ಕೆಳಗೆ ಇನ್ನೊಂದು ಸಾಲು ಬಂತು. ಬೆರಳಿಗೆ ಕಸರತ್ತು ಮಾಡಿಸೋ ಸ್ಪ್ರಿಂಗು, ಗಿಟಾರಿನ ಕತ್ತಿನ ಮನೆ ಮನೆಗೆ (ಅದೇ, ಫ್ರೆಟ್ಟಿಗೆ) ಅಂಟಿಸೋ ಸ್ಟಿಕ್ಕರು, ತಂತಿ ಒರೆಸೋ ಸ್ಪ್ರೇ, ಬೆರಳಿಗೆ ಹಾಕ್ಕೊಳ್ಳೋ ರಬ್ಬರ್ ಟೋಪಿ. ಎಲ್ಲಾ ಕಾರ್ಟಿಗೆ. ಒಂದು ಸ್ವರ ನುಡಿಸದೇನೇ ಸಂಗೀತಗಾರರಾದ ಹಾಗೆ ಎದೆ ಉಬ್ಬಿತ್ತು, ಹೌದೋ ಅಲ್ವೋ?

ನಿಮ್ಮನ್ನೇನೂ ಬೈತಿಲ್ಲ, ಕಣ್ರೀ. ಈ ಕಾಯಿಲೆ ನಮ್ಮ ಸೀಮೆ ಮಣ್ಣಲ್ಲೇ ಇದೆ. ಶಿರಾ ಕಡೆ ಹೋಗಿ, ಪಾವಗಡದ ಕಡೆ ಹೋಗಿ, ಜಾತ್ರೆ ಬಂತು ಅಂದ್ರೆ ಊರಲ್ಲಿ ‘ಕುರುಕ್ಷೇತ್ರ’ ನಾಟಕ. ಭೀಮನ ಪಾರ್ಟು ಸಿಕ್ಕಿದವನು ಮೊದಲು ಕಂದಪದ್ಯ ಕಲೀತಾನಾ? ಮೀಸೆ ಬಿಡ್ತಾನೆ. ಆಮೇಲೆ ಡ್ರಾಮಾ ಸೀನರಿಯವರ ಹತ್ರ ಹೋಗಿ ಗದೆ ಎತ್ತಿ ನೋಡಿ ಬರ್ತಾನೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡರೂ ಶ್ರುತಿ ಮಾತ್ರ ಊರಾಚೆ.

(1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ತುಮಕೂರು ಜಿಲ್ಲೆ ನಮ್ಮದು. ಆ ಕಂಪನಿಯ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಸ್ಟೇಜ್ ಮೇಲೆ ನಿಜವಾದ ಆನೆ, ಕುದುರೆಯನ್ನೇ ಹತ್ತಿಸಿದ ಪುಣ್ಯಾತ್ಮರು. ಸಾಮಾನಿನ ಶೋಕಿ ಅಲ್ಲಿಂದ ಬಂತು ಅಂತ ನೀವು ವಾದಿಸಬಹುದು. ಆದ್ರೆ ಅವರ ಕಂಪನಿಯವರಿಗೆ ಹಾಡೋಕೂ ಬರ್ತಿತ್ತು ಸ್ವಾಮಿ, ಅದನ್ನ ಮರೀಬೇಡಿ.)

ಹಂಗಾದ್ರೆ ಏನೂ ಕೊಳ್ಳಬಾರದಾ? ಕೊಳ್ಳಬೇಕು. ಆದ್ರೆ ‘ಬೈ ನೌ’ ಒತ್ತೋ ಮುಂಚೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಈ ಸಾಮಾನಿಂದ ಗಿಟಾರ್ ಇವತ್ತು ನನ್ನ ತೊಡೆ ಮೇಲೆ ಬಂದು ಕೂರುತ್ತಾ, ಇಲ್ಲಾ ‘ಅದು ಬಂದ ಮೇಲೆ ಶುರು ಮಾಡೋಣ’ ಅಂತ ನಾಳೆಗೆ ಹೋಗುತ್ತಾ? ಉತ್ತರ ನಿಮಗೇ ಗೊತ್ತು. (ಗೊತ್ತಿದ್ದೂ ಒತ್ತುತ್ತೀರಿ, ಅದೂ ನನಗೆ ಗೊತ್ತು.)

ಮೊದಲನೇ ಸಾಮಾನು ಹೇಳ್ತೀನಿ, ನಗಬೇಡಿ. ನೇಲ್ ಕಟರ್. ಮೂವತ್ತು ನಲವತ್ತು ರೂಪಾಯಿ, ಶನಿವಾರದ ಸಂತೆಯಲ್ಲೂ ಸಿಗುತ್ತೆ. ಎಡಗೈ ಉಗುರು ಬೆರಳ ತುದಿಗಿಂತ ಒಂದು ಕೂದಲೆಳೆ ಮುಂದೆ ಬಂದಿದ್ರೂ ತಂತಿ ಸರಿಯಾಗಿ ಅಮುಕಲ್ಲ, ‘ಟಪ್ ಟಪ್’ ಅಂತ ಸತ್ತ ಸದ್ದು ಬರುತ್ತೆ. ನೀವು ಗಿಟಾರೇ ಸರಿಯಿಲ್ಲ ಅಂತ ಮೂರು ಸ್ಟಾರ್ ಕೊಟ್ಟು ಕಂಪನಿಯನ್ನು ಬೈದಿದ್ದೀರಲ್ಲ, ಒಂದ್ಸಲ ಉಗುರು ನೋಡ್ಕೊಳ್ಳಿ. (ಶುಕ್ರವಾರ ಉಗುರು ತೆಗೆಯಬಾರದು ಅಂತ ಅಜ್ಜಿ ಅಡ್ಡ ಬಂದ್ರೆ ಗುರುವಾರವೇ ಮುಗಿಸಿ.)

ಆಮೇಲೆ ಬೆರಳು ನೋವು. ಮೂರನೇ ದಿನಕ್ಕೆ ಬೆರಳ ತುದಿಯಲ್ಲಿ ತಂತಿ ಗೀಟು ಬಿದ್ದಿರುತ್ತೆ, ಅನ್ನ ಸಾರು ಕಲೆಸಿದ್ರೆ ಚುರ್ ಅನ್ನುತ್ತೆ. ಕೂಡಲೇ ಸಲಹೆಗಾರರು ಹಾಜರ್: ಒಬ್ಬರು ರಬ್ಬರ್ ಟೋಪಿ ಅಂತಾರೆ, ಇನ್ನೊಬ್ಬರು ಸಿದ್ದರಬೆಟ್ಟದ ಸೊಪ್ಪು ತಂದು ಅರೆದು ಹಚ್ಚು ಅಂತಾರೆ. ಟೋಪಿ ಹಾಕ್ಕೊಂಡ್ರೆ ತಂತಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಲ್ಲ, ತುದಿಯೂ ಗಟ್ಟಿಯಾಗಲ್ಲ. ಸೊಪ್ಪಿನ ನೆಪದಲ್ಲಿ ಬೆಟ್ಟ ಹತ್ತಿ ಬಂದ್ರೆ ಮೈಗಾದ್ರೂ ಒಳ್ಳೇದು.

ದಿನಾ ಹತ್ತು ಹದಿನೈದು ನಿಮಿಷ ನುಡಿಸಿದ್ರೆ ಕೆಲವೇ ವಾರದಲ್ಲಿ ತುದಿ ತಾನೇ ಗಟ್ಟಿಯಾಗುತ್ತೆ. ಪಾವಗಡದ ಕಡೆ ಕಡ್ಲೆಕಾಯಿ ಬಿಡಿಸಿ ಬೆಳೆದವರಿಗೆ ಅರ್ಧ ಕೆಲಸ ಆಗ್ಲೇ ಮುಗಿದಿದೆ. ನಿಮ್ಮದು ಬರೀ ಮೊಬೈಲ್ ಉಜ್ಜಿದ ಬೆರಳು. (ಉಜ್ಜಿದ್ದೂ ಬಲಗೈ ಹೆಬ್ಬೆರಳು. ಗಿಟಾರ್ ಕೇಳೋದು ಎಡಗೈಯ ನಾಲ್ಕು ಬೆರಳನ್ನ!)

ನೋವಿಗೆ ನಿಜವಾದ ಮದ್ದು ತಂತಿಯಲ್ಲೇ ಇದೆ, ಅದನ್ನ ಯಾರೂ ಹೇಳಲ್ಲ. ತಂತಿ ಸೆಟ್ಟಿನ ಪೊಟ್ಟಣದ ಮೇಲೆ 10, 11, 12 ಅಂತ ನಂಬರ್ ಇರುತ್ತೆ ನೋಡಿ, ಅದು ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. 12ರ ಸೆಟ್ ಹಾಕಿ ಶ್ರುತಿ ಮಾಡಿದ್ರೆ ಆರೂ ತಂತಿ ಸೇರಿ ಗಿಟಾರಿನ ಮೇಲೆ 70 ಕೆಜಿಗೂ ಮೇಲೆ ಎಳೆತ ಬೀಳುತ್ತೆ. ಅಂದ್ರೆ ಒಬ್ಬ ಗಟ್ಟಿ ಆಳು ಜೋತು ಬಿದ್ದ ಹಾಗೆ. ಅದನ್ನ ನಿಮ್ಮ ಕಿರುಬೆರಳು ಬಗ್ಗಿಸಬೇಕು!

10ರ ಸೆಟ್ ಹಾಕಿಸಿ. ಸದ್ದು ಒಂಚೂರು ತೆಳ್ಳಗಾಗುತ್ತೆ, ಆಗ್ಲಿ ಬಿಡಿ. ಮೊದಲ ಆರು ತಿಂಗಳು ನಿಮ್ಮ ಸದ್ದು ತೆಳ್ಳಗಿದ್ದಷ್ಟೂ ಬೀದಿಯವರಿಗೆ ಕ್ಷೇಮ. ಅಂಗಡಿಯಲ್ಲಿ ‘ಅಕೌಸ್ಟಿಕ್’ ಅಂತ ಬಿಡಿಸಿ ಹೇಳಿ, ಇಲ್ಲಾಂದ್ರೆ ಎಲೆಕ್ಟ್ರಿಕ್ ಗಿಟಾರಿನ ತಂತಿ ಸುತ್ತಿ ಕೊಟ್ಟಾರು. ಇನ್ನು ನಿಮ್ಮದು ನೈಲಾನ್ ತಂತಿಯ ಗಿಟಾರ್ ಆಗಿದ್ರೆ ಸ್ಟೀಲ್ ತಂತಿ ಕಡೆ ತಲೆ ಹಾಕಿಯೂ ಮಲಗಬೇಡಿ. ಆ ಎಳೆತಕ್ಕೆ ತಂತಿ ಕಟ್ಟಿರೋ ಬ್ರಿಡ್ಜ್ ಕಿತ್ಕೊಂಡು ಬರುತ್ತೆ.

ತಂತಿ ಬದಲಾಯಿಸಿದ್ರೂ ಅಮುಕೋಕೆ ಆಗ್ತಿಲ್ವಾ? ಜೇಬಿಂದ ಒಂದು ರೂಪಾಯಿಯ ಎರಡು ನಾಣ್ಯ ತೆಗೀರಿ. (ಫೋನ್‌ಪೇ ಬಂದ ಮೇಲೆ ನಾಣ್ಯ ಎಲ್ಲಿ ಅಂತೀರಾ? ದೇವರ ಮುಂದಿನ ಹುಂಡಿ ಅಲ್ಲಾಡಿಸಿ.) ಎರಡನ್ನೂ ಒಂದರ ಮೇಲೊಂದಿಟ್ರೆ ಹತ್ರ ಹತ್ರ ಮೂರು ಮಿಲಿಮೀಟರ್. ಹನ್ನೆರಡನೇ ಮನೆಯ ಕಂಬಿ ಮೇಲೆ, ದಪ್ಪ ತಂತಿ ಕೆಳಗೆ ಅದು ಸಲೀಸಾಗಿ ತೂರಿ ಇನ್ನೂ ಜಾಗ ಮಿಕ್ಕಿದ್ರೆ ತಂತಿ ತೀರಾ ಎತ್ತರದಲ್ಲಿದೆ ಅಂತ ಅರ್ಥ.

ಆವಾಗ ದುಡ್ಡು ಹಾಕಬೇಕಾದ್ದು ಸ್ಪ್ರಿಂಗಿಗಲ್ಲ, ಸೆಟಪ್ ಮಾಡೋ ಕೈಗೆ. ತುಮಕೂರಲ್ಲೋ ಬೆಂಗಳೂರಲ್ಲೋ ಗಿಟಾರ್ ರಿಪೇರಿ ಗೊತ್ತಿರೋರ ಹತ್ರ ಒಯ್ದು, ಬ್ರಿಡ್ಜ್ ಮೇಲಿನ ಸ್ಯಾಡಲ್ ಪಟ್ಟಿ ಉಜ್ಜಿಸಿ, ಕತ್ತಿನೊಳಗಿನ ಕಂಬಿ ಸರಿ ಮಾಡಿಸಿ ತಂದ್ರೆ ಎರಡೂವರೆ ಸಾವಿರದ ಗಿಟಾರೂ ಮಾತು ಕೇಳುತ್ತೆ. ಕಾಂಬೋ ಪೆಟ್ಟಿಗೆಯಲ್ಲಿ ಇದು ಯಾವತ್ತೂ ಬರಲ್ಲ. ಅಲ್ಲೇನಿದ್ರೂ ಮೂರು ಪಿಕ್ಕು ಫ್ರೀ.

ಪಿಕ್ಕಿನ, ಅಂದ್ರೆ ತಂತಿ ಮೀಟೋ ಬಿಲ್ಲೆಯ ವಿಷಯ ಬಂತಲ್ಲ, ಕೇಳಿ. ನಿಮ್ಮ ಮೂರೂ ಪಿಕ್ ಎಲ್ಲಿವೆ ಈಗ? ಒಂದು ವಾಷಿಂಗ್ ಮಷೀನಲ್ಲಿ, ಒಂದು ಗಿಟಾರಿನ ಹೊಟ್ಟೆಯೊಳಗೆ, ಇನ್ನೊಂದು ತಂಗಿಯ ಮಗು ಬಾಯಲ್ಲಿ ಇಟ್ಕೊಂಡಿತ್ತು ಅಂತ ಕಿತ್ತು ಎಸೆದ್ರು. ಹಿಂದೆ ಇದನ್ನ ಕಡಲಾಮೆಯ ಚಿಪ್ಪಿಂದ ಮಾಡ್ತಿದ್ರು. ಪುಣ್ಯಕ್ಕೆ ಆ ವ್ಯಾಪಾರ ನಿಂತು ಪ್ಲಾಸ್ಟಿಕ್ ಬಂತು, ಇಲ್ಲದಿದ್ರೆ ನಿಮ್ಮೊಬ್ಬರ ಬೇಜವಾಬ್ದಾರಿಗೆ ಸಮುದ್ರ ಖಾಲಿಯಾಗ್ತಿತ್ತು.

ತೆಳ್ಳಗಿನದು ತಗೊಳ್ಳಿ, 0.60ರಿಂದ 0.73 ಮಿಲಿಮೀಟರ್ ಒಳಗೆ. ಬಗ್ಗೋ ಪಿಕ್ಕು ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳುತ್ತೆ, ದಪ್ಪಂದು ಚಾಡಿ ಹೇಳುತ್ತೆ. ಡಜನ್ ಲೆಕ್ಕದಲ್ಲಿ ತಂದು ಮನೆಯಲ್ಲಿ ಅಲ್ಲಲ್ಲಿ ಬಿತ್ತಿಬಿಡಿ: ಟಿವಿ ಹತ್ರ, ಕಿಟಕಿ ಮೇಲೆ, ಪರ್ಸಲ್ಲಿ. ಪಿಕ್ ಹುಡುಕೋ ನೆಪದಲ್ಲಿ ಎದ್ದು ಹೋದವರು ವಾಪಸ್ ಬಂದು ಗಿಟಾರ್ ಹಿಡಿದ ಉದಾಹರಣೆ ಕಮ್ಮಿ. (ಹಳೇ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಕತ್ತರಿಸಿ ಪಿಕ್ ಮಾಡಬಹುದು. ಎಟಿಎಂ ಕಾರ್ಡಲ್ಲೂ ಆಗುತ್ತೆ, ಅವಧಿ ಮುಗಿದಿದ್ಯಾ ಅಂತ ಒಂದ್ಸಲ ನೋಡಿ ಕತ್ತರಿ ಹಾಕಿ.)

ಈಗ ಬನ್ನಿ ಟ್ಯೂನರಿಗೆ. ‘ಫೋನಲ್ಲಿ ಆ್ಯಪ್ ಇದೆಯಲ್ಲ ಸಾರ್’ ಅಂತ ನೀವು ಜಾಣತನ ತೋರಿಸ್ತೀರಿ. ಇದೆ, ಬಿಟ್ಟಿನೂ ಹೌದು. ಆದ್ರೆ ಅದು ಮೈಕಿಂದ ಕೇಳುತ್ತೆ. ನಿಮ್ಮನೆ ಯಾವತ್ತು ನಿಶ್ಶಬ್ದವಾಗಿತ್ತು ಹೇಳಿ? ಬೀದಿ ತುದಿಯ ಫ್ಲೋರ್ ಮಿಲ್ಲು, ಕುಕ್ಕರ್ ವಿಷಲ್ಲು, ಸೀರಿಯಲ್ ಅತ್ತೆಯ ಕೂಗು, ಎಲ್ಲವನ್ನೂ ಆ ಬಡಪಾಯಿ ಆ್ಯಪ್ ಶ್ರುತಿ ಮಾಡೋಕೆ ಹೋಗುತ್ತೆ.

ಕ್ಲಿಪ್ ಟ್ಯೂನರ್ ಬೇರೆ ಜಾತಿ. ಬಟ್ಟೆ ಕ್ಲಿಪ್ಪಿನ ಥರ ಗಿಟಾರಿನ ತಲೆಗೆ ಕಚ್ಚಿಸಿದ್ರೆ ಅದು ಗಾಳಿಯ ಸದ್ದು ಕೇಳಲ್ಲ, ಮರದ ನಡುಕವನ್ನೇ ಓದುತ್ತೆ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆಯ ಮೈಕ್ ಸೆಟ್ಟು ನಿಮ್ಮ ಕಿಟಕಿಗೇ ಬಾಯಿಟ್ಟಿರಲಿ, ಮುಳ್ಳು ಕದಲಲ್ಲ. ಮುನ್ನೂರು ನಾನೂರು ರೂಪಾಯಿಗೆ ಸಿಗೋ ಈ ಸಾಮಾನಿಗೆ ಮಾತ್ರ ನಾನು ‘ಕೊಳ್ಳಿ’ ಅಂತ ಕೈ ಹಿಡಿದು ಹೇಳ್ತೀನಿ.

(‘ಕಿವಿಯಿಂದ ಶ್ರುತಿ ಮಾಡಬೇಕು, ಯಂತ್ರ ಇಟ್ಕೊಳ್ಳೋದಾ?’ ಅಂತ ದೊಡ್ಡಪ್ಪ ಮೂಗು ಮುರಿದ್ರೆ ಹೇಳಿ: ಕಛೇರಿಗಳಲ್ಲಿ ಹಿಂದೆ ಕೂತು ಶ್ರುತಿ ಕೊಡುತ್ತಲ್ಲ ಎಲೆಕ್ಟ್ರಾನಿಕ್ ತಂಬೂರಿ, ಅದರಲ್ಲಿ ಹೆಸರುವಾಸಿಯಾದ ರಾಡೆಲ್ ನಮ್ಮ ಬೆಂಗಳೂರಿನದೇ. ಕಟ್ಟಿದವರು ಜಿ. ರಾಜ್‌ನಾರಾಯಣ್, ಓದಿದ್ದು ಎಂಜಿನಿಯರಿಂಗ್, ನುಡಿಸೋದು ಕೊಳಲು. ದೊಡ್ಡಪ್ಪ ಸುಮ್ಮನಾಗ್ತಾರೆ ಅಂತ ಗ್ಯಾರಂಟಿ ಇಲ್ಲ, ಒಂದು ನಿಮಿಷ ಯೋಚನೆ ಮಾಡ್ತಾರೆ.)

ದಪ್ಪ ತಂತಿಯಿಂದ ಶುರು: ಇ, ಎ, ಡಿ, ಜಿ, ಬಿ, ಇ. ಎರಡೂ ತುದಿಗೆ ಇ ಇದೆ ಅಂತ ಗಮನಿಸಿದ್ರಾ? ದಪ್ಪಂದು ಸೆಕೆಂಡಿಗೆ 82 ಸಲ ನಡುಗುತ್ತೆ, ಸಣ್ಣದು ಸುಮಾರು 330 ಸಲ. ಟ್ಯೂನರ್ ಎರಡಕ್ಕೂ ‘ಇ’ ಅಂತಲೇ ತೋರಿಸುತ್ತೆ. ಸಣ್ಣ ತಂತಿಯಲ್ಲಿ ಸರಿಯಾದ ಇ ದಾಟಿ ಹೋದದ್ದು ಗೊತ್ತಾಗದೆ ಮುಂದಿನ ಇಗೆ ಅಂತ ನೀವು ತಿರುಗಿಸ್ತಾ ತಿರುಗಿಸ್ತಾ ಮುಖ ಹತ್ರ ತರ್ತೀರಿ. ‘ಟಣ್!’

ಅದಕ್ಕೇ ಹೇಳೋದು, ಮುಖ ದೂರ ಇಡಿ. ಯಾವ ತಂತಿ ಯಾವ ಕಿವಿಗೆ ಸುತ್ತಿದೆ ಅಂತ ಬೆರಳಲ್ಲಿ ಹಿಡಿದು ನೋಡಿಕೊಂಡೇ ತಿರುಗಿಸಿ. ಹೊಸ ತಂತಿ ಹಾಕಿದ ಎರಡು ದಿನ ಶ್ರುತಿ ನಿಲ್ಲಲ್ಲ, ತಂತಿ ಹಿಗ್ಗುತ್ತಿರುತ್ತೆ. ಮೋಸ ಮಾಡಿದ್ರಿ ಅಂತ ಅಂಗಡಿಗೆ ಫೋನ್ ಮಾಡಬೇಡಿ. ಒಂದು ಸಣ್ಣ ಇ ತಂತಿ ಮಾತ್ರ ಯಾವಾಗಲೂ ಎಕ್ಸ್‌ಟ್ರಾ ಇಟ್ಕೊಂಡಿರಿ. ಮೊದಲು ಪ್ರಾಣ ಬಿಡೋದು ಸಾಮಾನ್ಯವಾಗಿ ಅದೇ, ಅದೂ ಭಾನುವಾರ ಸಾಯಂಕಾಲ.

ಕೇಪೋ, ಅಂದ್ರೆ ಗಿಟಾರಿನ ಕತ್ತಿಗೆ ಕಚ್ಚಿಸೋ ಆ ಕ್ಲಿಪ್ಪು? ಬೇಕು, ಆದ್ರೆ ಇವತ್ತೇ ಬೇಡ. ಅದರ ಗಮ್ಮತ್ತು ಗೊತ್ತಾಗೋದು ನೀವು ಊರ ಭಜನೆ ಮಂಡಳಿಯಲ್ಲಿ ಗಿಟಾರ್ ಹಿಡಿದು ಕೂತಾಗ. ಹಾರ್ಮೋನಿಯಂ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ ‘ಕರಿ ಒಂದರಲ್ಲಿ ಹಾಡ್ತೀವಪ್ಪ, ಬಾರಿಸ್ತೀಯಾ?’ ಅಂತಾರೆ. ಗಿಟಾರಲ್ಲಿ ಅದು ಸಿ ಶಾರ್ಪ್. ನೀವು ಕಲಿತಿರೋದು ಸಿ, ಜಿ, ಎ ಮೈನರ್. ಬೆವರು ಕಿತ್ಕೊಂಡು ಬರುತ್ತೆ.

ಕೇಪೋವನ್ನ ಮೊದಲನೇ ಮನೆಗೆ ಹಾಕಿ ಅದೇ ಹಳೇ ಸಿ ಹಿಡೀರಿ, ಅದು ಕರಿ ಒಂದು. ಎರಡನೇ ಮನೆಗೆ ಹಾಕಿದ್ರೆ ಬಿಳಿ ಎರಡು, ಮೂರಕ್ಕೆ ಕರಿ ಎರಡು. ಒಂದು ಮನೆಗೆ ಅರ್ಧ ಸ್ವರ ಮೇಲೆ, ಅಷ್ಟೇ ಲೆಕ್ಕ. ಕಂಬಿಗೆ ತಾಗಿದಂತೆ ಅದರ ಹಿಂದೆಯೇ ಕಚ್ಚಿಸಿ, ಮನೆ ಮಧ್ಯಕ್ಕೆ ಹಾಕಿದ್ರೆ ಜಿರ್ರ್ ಅನ್ನುತ್ತೆ. ‘ಪರ್ವಾಗಿಲ್ವೇ ಹುಡ್ಗ, ಶ್ರುತಿ ಗೊತ್ತೈತೆ’ ಅಂತ ಮೇಷ್ಟ್ರು ತಲೆದೂಗ್ತಾರೆ. (ಗೊತ್ತಿರೋದು ಕ್ಲಿಪ್ಪಿಗೆ ಅಂತ ನೀವ್ಯಾಕೆ ಹೇಳ್ತೀರಿ?)

ಕೇಪೋ ಇದ್ರೆ ಹೊಸಬರ ಬೆರಳು ಮುರಿಯೋ ಎಫ್ ಕಾರ್ಡಿಂದಲೂ ತಪ್ಪಿಸಿಕೊಳ್ಳಬಹುದು ಅನ್ನೋದನ್ನ ನೀವು ಆಗ್ಲೇ ಯೂಟ್ಯೂಬಲ್ಲಿ ನೋಡಿದ್ದೀರಿ. ಹಾಗೆ ತಪ್ಪಿಸಿಕೊಳ್ತಾ ಇದ್ರೆ ಆ ಕಾರ್ಡ್ ಕೈಗೆ ಬರೋದು ನಮ್ಮ ರೈಲು ಬಂದ ಹಾಗೇ. ರಾಯದುರ್ಗ–ತುಮಕೂರು ರೈಲು ಮಾರ್ಗ ಮಂಜೂರಾದದ್ದು 2007–08ರಲ್ಲಿ. ಪಾವಗಡ, ಮಧುಗಿರಿ, ಕೊರಟಗೆರೆ ಎಲ್ಲಾ ದಾಟಿಕೊಂಡು ಅದು ಬರಬೇಕು. ಅದು ಮೊದಲು ಬರುತ್ತೋ, ನಿಮ್ಮ ಎಫ್ ಕಾರ್ಡ್ ಮೊದಲು ಬರುತ್ತೋ? ಬೆಟ್ ಕಟ್ಟೋಣ ಬನ್ನಿ. ನನ್ನ ದುಡ್ಡು ರೈಲಿನ ಮೇಲೆ.

ರೈಲಿಲ್ಲ ಅಂದ ಮೇಲೆ ಬಸ್ಸೇ ಗತಿ. ಬಸ್ಸು ಅಂದ ಮೇಲೆ ಬ್ಯಾಗು. ಕಾಂಬೋದಲ್ಲಿ ಬಂತಲ್ಲ ಆ ಕಪ್ಪು ಬ್ಯಾಗು, ಅದು ಬ್ಯಾಗಲ್ಲ ಸ್ವಾಮಿ, ಗಿಟಾರಿಗೆ ಹೊಲಿಸಿದ ಲುಂಗಿ. ಧೂಳು ತಡೆಯುತ್ತೆ, ಮಾನ ಮುಚ್ಚುತ್ತೆ, ಅಷ್ಟೇ. ಒಳಗೆ ಬೆರಳು ದಪ್ಪ ಫೋಮ್ ಇರೋದು, ಎರಡೂ ಹೆಗಲಿಗೆ ಪಟ್ಟಿ ಇರೋದು ಬೇಕು.

ಅದೂ ಎಂಥಾ ಬಸ್ಸು! ಶ್ರಾವಣ ಶನಿವಾರ ಶನಿಮಹಾತ್ಮನಿಗೆ ಹೊರಟ ಪಾವಗಡದ ಬಸ್ಸು ಹತ್ತಿ ನೋಡಿ. ಕಂಡಕ್ಟರ್ ‘ಏನ್ ಗುರೂ, ವೀಣೆನಾ? ಅದ್ಕೂ ಒಂದ್ ಟಿಕೆಟ್ ಹರೀಲಾ?’ ಅಂತಾನೆ. ಪಕ್ಕದ ಅಜ್ಜಿ ‘ಅದ್ನ ತೊಡೆ ಮ್ಯಾಲ್ ಇಕ್ಕೊಳ್ಳಪ್ಪ, ನಾನ್ ಕುಂತ್ಕಂತೀನಿ’ ಅಂತ ಜಾಗ ಮಾಡ್ಕೊಳ್ತಾಳೆ. ಪಾವಗಡ ಹತ್ರ ಬರ್ತಿದ್ದ ಹಾಗೆ ಹಿಂದಿನ ಸೀಟಿಂದ ತೆಲುಗು: ‘ಲೋಪಲ ಏಮುಂದಿ ನಾಯನಾ?’ (ಒಳಗೇನಿದೆಯಪ್ಪಾ?) ನೀವು ‘ಗಿಟಾರ್’ ಅಂದ್ರೆ ಮುಂದಿನ ಮಾತು ‘ಒಂದು ಹಾಡು ಬಾರಿಸು ಮತ್ತೆ.’

(ಆವಾಗ ನೋಡಬೇಕು ನಿಮ್ಮ ಮುಖ. ‘ಜಿಪ್ ಕೆಟ್ಟೋಗಿದೆ ಅಜ್ಜಿ’ ಅಂತ ಸುಳ್ಳು ಹೇಳಿದ್ರಲ್ಲ, ಪಾಪ ಗಟ್ಟಿ ಜಿಪ್ಪಿನ ಬ್ಯಾಗಿಗೆ ಅವಮಾನ.)

ಬ್ಯಾಗಿನ ಬಗ್ಗೆ ಇನ್ನೊಂದು. ನಮ್ಮ ಕಡೆ ಬಿಸಿಲನ್ನ ನೀವು ಹಗುರವಾಗಿ ತಗೊಂಡಿದ್ದೀರಿ. ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಯ 13,000 ಎಕರೆಯಲ್ಲಿ ಸೋಲಾರ್ ಹಲಗೆ ಹಾಸಿ 2,050 ಮೆಗಾವ್ಯಾಟ್ ಕರೆಂಟ್ ತೆಗೀತಿದ್ದಾರೆ. ಇಂಥಾ ಬಿಸಿಲಲ್ಲಿ ಕಾರಿನ ಹಿಂದಿನ ಸೀಟಲ್ಲಿ ಗಿಟಾರ್ ಬಿಟ್ಟು ‘ಅರ್ಧ ಗಂಟೇಲಿ ಬರ್ತೀನಿ’ ಅಂತ ಮದುವೆ ಊಟಕ್ಕೆ ಹೋಗ್ತೀರಲ್ಲ! ಮರಕ್ಕೆ ಮರ ಅಂಟಿಸಿದ ಗೋಂದು ಬಿಸಿಗೆ ಮೆತ್ತಗಾಗುತ್ತೆ, ತಂತಿ ಎಳೀತಾನೇ ಇರುತ್ತೆ, ಬ್ರಿಡ್ಜ್ ಮೆಲ್ಲಗೆ ಎದ್ದೇಳುತ್ತೆ. ಹೋಳಿಗೆ ಎರಡನೇ ಸಲ ಬಡಿಸಿಕೊಳ್ಳೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ.

ಬಿಸಿಲಿನ ಜೊತೆಗೆ ಒಣಹವೆ. ಮರದ ಗಿಟಾರಿಗೆ ನೂರಕ್ಕೆ 45ರಿಂದ 55ರಷ್ಟು ತೇವ ಇರೋ ಗಾಳಿ ಇಷ್ಟ. ನಮ್ಮ ಮಾರ್ಚ್, ಏಪ್ರಿಲ್ ಅದನ್ನ ಎಲ್ಲಿ ಕೊಡ್ತಾವೆ? ಕುತ್ತಿಗೆಯ ಅಂಚಲ್ಲಿ ಕೈಯಾಡಿಸಿ: ಕಂಬಿಗಳ ತುದಿ ಚುಚ್ಚಿದ್ರೆ ಮರ ಒಣಗಿ ಕುಗ್ಗಿದೆ ಅಂತ ಲೆಕ್ಕ. ನೀವೋ, ಶೂ ಡಬ್ಬಿಯಲ್ಲಿ ಸಿಕ್ಕಿದ ಬಿಳಿ ಪೊಟ್ಟಣಗಳನ್ನ ಜೋಪಾನವಾಗಿ ಗಿಟಾರ್ ಬ್ಯಾಗೊಳಗೆ ಹಾಕಿಟ್ಟಿದ್ದೀರಿ. ಅವು ಇದ್ದ ತೇವವನ್ನೂ ಕುಡೀತಿವೆ. ತೆಗೀರಿ ಮೊದಲು!

ಇದಕ್ಕೆ ಸಾವಿರಗಟ್ಟಲೆ ಬೆಲೆಯ ಪೊಟ್ಟಣ ಮಾರ್ತಾರೆ. ನಾವು ಅಷ್ಟು ದೂರ ಹೋಗೋದು ಬೇಡ. ಹಳೇ ಸೋಪು ಡಬ್ಬಿಗೆ ನಾಲ್ಕಾರು ತೂತು ಹಾಕಿ, ಸ್ಪಂಜಿನ ತುಂಡು ನೆನೆಸಿ ಚೆನ್ನಾಗಿ ಹಿಂಡಿ ಒಳಗಿಟ್ಟು, ಬ್ಯಾಗಿನಲ್ಲಿ ಗಿಟಾರಿನ ತಲೆ ಹತ್ರ ಇಡಿ. (ಹಿಂಡಿ ಅಂದೆ. ತೊಟ್ಟಿಕ್ಕೋ ಹಾಗೆ ಇಟ್ಟು ಆಮೇಲೆ ನನ್ನನ್ನ ಬೈಬೇಡಿ.) ಮಳೆಗಾಲ ಹಿಡೀತಾ ಇದ್ದ ಹಾಗೆ ತೆಗೆದುಬಿಡಿ.

ಒರೆಸೋ ಬಟ್ಟೆ ಅಂತ ಮೈಕ್ರೋಫೈಬರ್ ಮೂರರ ಪ್ಯಾಕ್ ಬುಕ್ ಮಾಡಿದ್ರಲ್ಲ, ಅಪ್ಪನ ಹಳೇ ಬನಿಯನ್ ಏನು ಪಾಪ ಮಾಡಿತ್ತು? ನುಡಿಸಿದ ಮೇಲೆ ತಂತಿ ಮೇಲೊಂದು, ಕೆಳಗೊಂದು ಎಳೆತ ಎಳೆದ್ರೆ ಬೆವರಿನ ಉಪ್ಪು ಹೋಗಿ ತಂತಿ ತುಕ್ಕು ಹಿಡಿಯೋದು ತಡವಾಗುತ್ತೆ. ಎಣ್ಣೆ ಮಾತ್ರ ಮುಟ್ಟಬೇಡಿ. ಶಿರಾದ ತೆಂಗಿನ ತೋಟದವರು ಕೊಬ್ಬರಿ ಎಣ್ಣೆ, ಪಾವಗಡದವರು ಕಡ್ಲೆಕಾಯಿ ಎಣ್ಣೆ ಅಂತ ಮಮತೆಯಿಂದ ಸವರ್ತೀರಿ, ಅದು ಜಿಗುಟಾಗಿ ಧೂಳು ಹಿಡಿದು ವಾಸನೆ ಬರುತ್ತೆ. ಗಿಟಾರಿಗೆ ಅಭ್ಯಂಜನ ಇಲ್ಲ.

ಬೆಲ್ಟಿಗೆ ಹೆಚ್ಚು ಮಾತು ಬೇಡ. ನೀವು ಕೂತು ನುಡಿಸೋದೇ ಇನ್ನೂ ದೂರ ಇದೆ, ನಿಂತು ನುಡಿಸೋಕೆ ಯಾಕೆ ಅವಸರ? (ಫೋಟೋಗೆ ಅಂತ ಗೊತ್ತು. ಚನ್ನರಾಯನದುರ್ಗದ ಕೋಟೆ ಮೇಲೆ ಸೂರ್ಯ ಮುಳುಗೋ ಹೊತ್ತಿಗೆ, ಒಂದು ಕಾಲು ಬಂಡೆ ಮೇಲೆ. ಹತ್ತಿ, ಬೇಡ ಅನ್ನಲ್ಲ. ಬೆಲ್ಟಿನ ಗುಂಡಿ ಭದ್ರವಾಗಿದ್ಯಾ ನೋಡ್ಕೊಂಡು ನಿಂತ್ಕೊಳ್ಳಿ.)

ಈಗ ನಾನು ಇಷ್ಟೊತ್ತು ಬಚ್ಚಿಟ್ಟಿದ್ದ ಸಾಮಾನು: ಸ್ಟ್ಯಾಂಡು. ನಾನೂರೈನೂರರ ಮಡಚೋ ಕಂಬಿ ಸ್ಟ್ಯಾಂಡ್ ಸಾಕು. ಅದರಲ್ಲಿ ಏನು ಮಹಾ ಅಂತೀರಾ? ನಿಮ್ಮ ಗಿಟಾರ್ ಈ ಕ್ಷಣ ಎಲ್ಲಿದೆ ಹೇಳಿ ನೋಡೋಣ. ಬ್ಯಾಗೊಳಗೆ. ಬ್ಯಾಗು ಬೀರುವಿನ ಮೇಲೆ. ಅದರ ಮೇಲೆ ಅಮ್ಮ ಇಟ್ಟ ಹಳೇ ಕಂಬಳಿ, ಕಂಬಳಿ ಮೇಲೆ ದಸರಾ ಗೊಂಬೆ ಪೆಟ್ಟಿಗೆ.

ಕೆಲಸ ಮುಗಿಸಿ ಬಂದು ಕಾಫಿ ಕುಡಿದು ಹತ್ತು ನಿಮಿಷ ನುಡಿಸೋಣ ಅನಿಸುತ್ತೆ. ಕುರ್ಚಿ ಎಳೀಬೇಕು, ಪೆಟ್ಟಿಗೆ ಇಳಿಸಬೇಕು, ಕಂಬಳಿ ಕೊಡವಬೇಕು, ಅಮ್ಮನಿಂದ ‘ಎಲ್ಲಾ ಅಲ್ಲೋಲಕಲ್ಲೋಲ ಮಾಡ್ತೀಯಾ’ ಅಂತ ಅನಿಸಿಕೊಳ್ಳಬೇಕು. ಅಷ್ಟರಲ್ಲಿ ಹತ್ತು ನಿಮಿಷದ ಆಸೆ ಹೋಗಿ ಕೈ ಮೊಬೈಲಿಗೆ ಹೋಗಿರುತ್ತೆ. ಮೊಬೈಲಲ್ಲಿ ಏನು ನೋಡ್ತೀರಿ? ಇನ್ನೊಬ್ಬ ಗಿಟಾರ್ ನುಡಿಸೋದನ್ನ!

ಅದಕ್ಕೇ ಸ್ಟ್ಯಾಂಡು. ಹಜಾರದಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿ, ಟಿವಿಗೂ ಸೋಫಾಕ್ಕೂ ಮಧ್ಯೆ ಕಾಲಿಗೆ ಸಿಗೋ ಹಾಗಿಡಿ. ಬಂದವರು ‘ಯಾರು ನುಡಿಸ್ತಾರೆ?’ ಅಂತ ಕೇಳ್ಲಿ, ನೀವು ನಾಚಿಕೊಳ್ಳಿ, ನಾಚಿಕೆಗಾದ್ರೂ ರಾತ್ರಿ ಎತ್ಕೊಳ್ತೀರಿ. (ರಾಗಿ ಮೂಟೆಗೆ ಒರಗಿಸಿದ್ರೂ ಆಗಲ್ವಾ ಅಂದ್ರಿ. ಆಗುತ್ತೆ, ಇಲಿಗಳಿಗೆ ಹೇಳಿ ಒಪ್ಪಿಸಿಕೊಂಡಿದ್ರೆ.) ಒರಗಿಸಿದ ಗಿಟಾರ್ ಜಾರುತ್ತೆ, ಬೀಳುತ್ತೆ, ತಲೆ ಮುರಿಯುತ್ತೆ. ಗಿಟಾರ್ ಸಾಯೋದು ಬಹಳ ಸಲ ಒರಗಿಸಿಟ್ಟಾಗಲೇ.

ವಾದ್ಯವನ್ನ ಹತ್ತಿರ ಇಟ್ಕೊಳ್ಳೋದು ಅಂದ್ರೇನು ಅಂತ ನೋಡಬೇಕಾ? ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆಯಲ್ಲ, ಅಲ್ಲಿನ ಕಾಡುಗೊಲ್ಲರು ತಮ್ಮ ದೇವರು ಜುಂಜಪ್ಪನ ಕಥೆ ಹಾಡುವಾಗ ಗಣೆ ನುಡಿಸ್ತಾರೆ. ಉದ್ದನೆ ಬಿದಿರಿನ ಕೊಳಲು. ಅದಕ್ಕೆ ಟ್ಯೂನರ್ ಇಲ್ಲ, ಬೆಲ್ಟಿಲ್ಲ, ಕಾಂಬೋ ಅಂತೂ ಇಲ್ಲವೇ ಇಲ್ಲ. ಆದ್ರೆ ಅದು ಅವರ ದೇವರ ವಸ್ತು, ಮನಸ್ಸಿಂದ ದೂರ ಹೋಗೋದೇ ಇಲ್ಲ. ನಿಮ್ಮ ಬೀರುವಿನ ಮೇಲಿನ ದೇವರಿಗೆ ಕೊನೇ ಪೂಜೆ ಯಾವಾಗ ಆಯ್ತು? ಆಯುಧಪೂಜೆಗೆ ಕುಂಕುಮ ಇಟ್ಟಿದ್ದು ಬಿಟ್ರೆ?

ಹೂಂ, ಲೆಕ್ಕ ಹಾಕಿ. ನೇಲ್ ಕಟರ್ರು, 10ರ ತಂತಿ, ಕ್ಲಿಪ್ ಟ್ಯೂನರ್ರು, ಸ್ಟ್ಯಾಂಡು, ಒಂದು ಹಿಡಿ ಪಿಕ್ಕು. ಸಾವಿರದೈನೂರರೊಳಗೆ ಮುಗೀತು. ಬ್ಯಾಗು, ಕೇಪೋ ಎರಡು ತಿಂಗಳು ಬಿಟ್ಟು. ತಾಳಕ್ಕೆ ಮೆಟ್ರೋನೋಮ್ ಬೇರೆ ಕೊಳ್ಳಬೇಡಿ, ಅದರ ಆ್ಯಪ್ ಮಾತ್ರ ನಂಬಬಹುದು. ಅದು ಯಾರ ಮಾತೂ ಕೇಳಲ್ಲ, ‘ಟಿಕ್ ಟಿಕ್’ ಅಂತ ತನ್ನ ಪಾಡಿಗೆ ತಾನಿರುತ್ತೆ. ನಿಮಗೆ ಕೋಪ ಬರೋದು ಅದಕ್ಕೇ.

ಏನು, ಮುಖ ಸಪ್ಪಗಾಯ್ತು? ಇಷ್ಟೇನಾ ಅನಿಸ್ತಾ? ಕಾರ್ಟಲ್ಲಿ ಇನ್ನೇನೋ ಉಳಿಸಿಕೊಂಡಿರೋ ಹಾಗಿದೆ, ತೋರಿಸಿ ಇಲ್ಲಿ. ಬೇಡ ಅಂದ್ರೆ ಹೇಗೆ, ಇಷ್ಟು ಹೊತ್ತು ಕೂತು ಮಾತಾಡಿದ್ದೀವಿ. ಏನಿದು... ಡಿಸ್ಟಾರ್ಷನ್ ಪೆಡಲ್ಲಾ? ರಾಕ್ ಸ್ಟಾರುಗಳು ಕಾಲಲ್ಲಿ ಒತ್ತುತ್ತಾರಲ್ಲ, ಅದಾ?

ಚೆನ್ನಾಗಿದೆ ಬಿಡಿ. ಕೆಂಪು ಬಣ್ಣ, ಲೈಟ್ ಬೇರೆ ಹೊತ್ತಿಕೊಳ್ಳುತ್ತೆ. ನಾಲ್ಕು ಸಾವಿರಕ್ಕೆ ಮೋಸ ಇಲ್ಲ. ಅಲ್ಲ ರೀ, ನಿಮ್ಮದು ಪಿಕಪ್ ಇಲ್ಲದ ಬರೀ ಮರದ ಗಿಟಾರು. ವೈರ್ ಹಾಕೋಕೆ ಒಂದು ತೂತೂ ಇಲ್ಲ. ಎಲ್ಲಿಗೆ ಸಿಕ್ಕಿಸ್ತೀರಿ ಇದನ್ನ?